ಮಂಜಿನಲ್ಲಿ ಕಿವಿಯೇ ದಾರಿ: ಜರ್ಮನಿಯ ಲೊರೆಂಝ್ ಬ್ಲೈಂಡ್ ಲ್ಯಾಂಡಿಂಗ್ ಅನ್ನು ಮನೆಯಲ್ಲೇ ಕಟ್ಟಿ, ಕೇಳಿ, ಕಲಿಯುವ ಸಮಗ್ರ ಮಾರ್ಗದರ್ಶಿ

1930ರ ದಶಕದಲ್ಲಿ ದಟ್ಟ ಮಂಜಿನ ನಡುವೆ ಬರ್ಲಿನ್ನಿನ ಟೆಂಪಲ್‌ಹೋಫ್ ಏರ್‌ಫೀಲ್ಡ್‌ಗೆ ಇಳಿಯಲು ಬರುತ್ತಿದ್ದ ಪೈಲಟ್‌ಗೆ ಕಿಟಕಿಯಾಚೆ ಬಿಳುಪು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವನ ಆಸರೆ ಹೆಡ್‌ಫೋನ್‌ನ ಸದ್ದು. ಚಿಕ್ಕ ಚಿಕ್ಕ ಚುಕ್ಕೆಗಳು ಕೇಳಿದರೆ ದಾರಿಯಿಂದ ಎಡಕ್ಕೆ ಸರಿದಿದ್ದಾನೆ. ಉದ್ದ ಗೆರೆಗಳು ಕೇಳಿದರೆ ಬಲಕ್ಕೆ. ಚುಕ್ಕೆಯೂ ಗೆರೆಯೂ ಒಂದರೊಳಗೊಂದು ಕೂತು ಕಡಿಯದ ಒಂದೇ ದನಿಯಾದರೆ, ಮೂಗಿನ ನೇರಕ್ಕೆ ಏರ್‌ಫೀಲ್ಡ್ ಇದೆ.

ಈ ವ್ಯವಸ್ಥೆ ಕಟ್ಟಿದ್ದು ಬರ್ಲಿನ್ನಿನ ಸಿ. ಲೊರೆಂಝ್ ಕಂಪನಿ. ಇದರ ಹಿಂದಿನ ತಲೆ ಎಂಜಿನಿಯರ್ ಅರ್ನ್ಸ್ಟ್ ಕ್ರಾಮರ್ ಅವರದು. ಇದನ್ನು ಎಷ್ಟು ಓದಿದರೂ ಅರ್ಧ ಮಾತ್ರ ಅರ್ಥವಾಗುತ್ತದೆ. ಚುಕ್ಕೆ ಗೆರೆಗಳು ಕಣ್ಣೆದುರೇ, ಅಲ್ಲಲ್ಲ, ಕಿವಿಯೆದುರೇ ಕರಗಿ ಒಂದಾಗುವುದನ್ನು ಒಮ್ಮೆ ಕೇಳಬೇಕು. ಆಗ ಉಳಿದದ್ದೆಲ್ಲ ತಾನಾಗಿಯೇ ಹೊಳೆಯುತ್ತದೆ. ಅದಕ್ಕೇ ಈ ಬರಹದಲ್ಲಿ ನಾವು ಆ ಸದ್ದನ್ನು ಲ್ಯಾಪ್‌ಟಾಪ್‌ನಲ್ಲಿ ಕಟ್ಟುತ್ತೇವೆ, ಅದನ್ನು ಕೇಳುತ್ತ ಒಂದು ಏರ್‌ಫೀಲ್ಡ್‌ಗೆ ಇಳಿಯುತ್ತೇವೆ. ಆಮೇಲೆ ಹಳೆಯ ನಕ್ಷೆ ಮತ್ತು ಉಪಕರಣಗಳನ್ನು ಓದುವುದನ್ನು ನೋಡೋಣ.

ಬೇಕಾಗುವುದು ಇಷ್ಟು: ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಹೆಡ್‌ಫೋನ್, ಒಂದು ಹಾಳೆ, ಸ್ಕೇಲು, ಎರಡು ಸಂಜೆ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಸದ್ದಿನ ಪ್ರಯೋಗ ಮಾತ್ರ. ರೇಡಿಯೋ ತರಂಗಗಳಲ್ಲಿ ಇದನ್ನು ನಿಜವಾಗಿ ಪ್ರಸಾರ ಮಾಡಲು ಹೋಗಬೇಡಿ, ಅದಕ್ಕೆ ಪರವಾನಗಿ ಬೇಕು.

ಹಂತ 1: ಏರ್‌ಫೀಲ್ಡ್ ಅನ್ನು ಹಾಳೆಯ ಮೇಲೆ ಬರೆಯಿರಿ

ಮೊದಲು ಇಂದಿನ ವಿಮಾನ ನಿಲ್ದಾಣದ ಚಿತ್ರವನ್ನು ತಲೆಯಿಂದ ತೆಗೆಯಿರಿ. ಆ ಕಾಲದ ಹೆಚ್ಚಿನ ಏರ್‌ಫೀಲ್ಡ್‌ಗಳಲ್ಲಿ ಕಾಂಕ್ರೀಟ್ ರನ್‌ವೇ ಇರಲಿಲ್ಲ. ಇದ್ದದ್ದು ದೊಡ್ಡ ಹುಲ್ಲಿನ ಬಯಲು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಮುಖ ಮಾಡಿ ಇಳಿಯುತ್ತಿದ್ದರು. ಆದರೆ ರೇಡಿಯೋ ಕಿರಣಕ್ಕೆ ಒಂದು ದಿಕ್ಕು ಬೇಕಲ್ಲ? ಹಾಗಾಗಿ ಕಟ್ಟಡ, ಗುಡ್ಡ, ಚಿಮಣಿ ಕಡಿಮೆ ಇರುವ ಒಂದು ದಿಕ್ಕನ್ನು ಆರಿಸಿ, ಮಂಜಿದ್ದಾಗ ಆ ದಾರಿಯಲ್ಲೇ ಬರುವಂತೆ ಮಾಡಿದರು.

ಹಾಳೆಯಲ್ಲಿ 1 ಕಿ.ಮೀ. ಅಗಲದ ಒಂದು ಬಯಲು ಬರೆಯಿರಿ. ವಿಮಾನ ಎಡದಿಂದ ಬರುತ್ತದೆ ಎಂದುಕೊಳ್ಳಿ. ಬಯಲಿನ ಆಚೆ ಬದಿಯ ಅಂಚಿನಲ್ಲಿ, ಅಂದರೆ ಬಲಗಡೆ, ಒಂದು ಚೌಕ ಬರೆಯಿರಿ. ಇದು ಮುಖ್ಯ ಬೀಕನ್. ಜರ್ಮನ್ನರು ಇದನ್ನು ಲಾಂಡೆಫುಂಕ್‌ಫಾಯರ್ ಎಂದು ಕರೆಯುತ್ತಿದ್ದರು, ಅಂದರೆ ಇಳಿಯಲು ದಾರಿ ತೋರುವ ರೇಡಿಯೋ ದೀಪ. ನಕ್ಷೆಗಳಲ್ಲಿ ಎಲ್‌ಎಫ್‌ಎಫ್ ಎಂದಿರುತ್ತದೆ. ಈಗ ಬಯಲಿನ ಈಚೆ ಅಂಚಿನಿಂದ, ವಿಮಾನ ಬರುವ ದಾರಿಯಲ್ಲಿ 300 ಮೀಟರ್ ಹೊರಗೆ ಒಂದು ಗುರುತು, 3 ಕಿ.ಮೀ. ಹೊರಗೆ ಇನ್ನೊಂದು ಗುರುತು ಹಾಕಿ. ಹತ್ತಿರದ್ದು ಹೌಪ್ಟ್‌ಐನ್‌ಫ್ಲೂಗ್‌ಝೈಖೆನ್, ದೂರದ್ದು ಫೋರ್‌ಐನ್‌ಫ್ಲೂಗ್‌ಝೈಖೆನ್. ಹೆಸರು ನಾಲಿಗೆಗೆ ಕಷ್ಟ, ಅಲ್ವಾ? ನಾವು ಒಳ ಮಾರ್ಕರ್, ಹೊರ ಮಾರ್ಕರ್ ಎನ್ನೋಣ. ಬೀಕನ್ ಮತ್ತು ಎರಡೂ ಮಾರ್ಕರ್‌ಗಳನ್ನು ಸೇರಿಸಿ ಒಂದು ನೇರ ಗೆರೆ ಎಳೆಯಿರಿ. ಈ ಗೆರೆಯೇ ದಾರಿ.

ಹಂತ 2: ಆಂಟೆನಾದ ಜಾಣತನ ಅರ್ಥ ಮಾಡಿಕೊಳ್ಳಿ

ಚುಕ್ಕೆ ಗೆರೆಗಳನ್ನು ಜೋಡಿಸಿ ದಾರಿ ತೋರುವ ಮೂಲ ಯೋಚನೆ ಹಳೆಯದು. ಜರ್ಮನಿಯ ಓಟೋ ಶೆಲ್ಲರ್ 1907ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು. ಕ್ರಾಮರ್ ಅವರ ಹೆಚ್ಚುಗಾರಿಕೆ ಅದನ್ನು ಮಾಡಿದ ಬಗೆಯಲ್ಲಿದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ.

ನಡುವೆ ನೆಟ್ಟಗೆ ನಿಂತ ಒಂದು ಡೈಪೋಲ್, ಅಂದರೆ ತರಂಗ ಬಿಡುವ ಲೋಹದ ಕಂಬ. ಟ್ರಾನ್ಸ್‌ಮಿಟರ್ ಅದಕ್ಕೆ ಮಾತ್ರ ಜೋಡಣೆಯಾಗಿದೆ, ಅದು ಯಾವಾಗಲೂ ಉರಿಯುತ್ತಿರುತ್ತದೆ. ಅದರ ಎಡಕ್ಕೊಂದು, ಬಲಕ್ಕೊಂದು ಬರೀ ಲೋಹದ ಕಂಬ. ಪ್ರತಿ ಕಂಬದ ನಡುವೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್. ರಿಲೇ ಬಿಚ್ಚಿದ್ದರೆ ಕಂಬ ಎರಡು ತುಂಡಿದ್ದಂತೆ, ಅದಕ್ಕೆ ತರಂಗದ ಗೊಡವೆ ಇಲ್ಲ. ರಿಲೇ ಮುಚ್ಚಿದರೆ ಕಂಬ ಕನ್ನಡಿಯಂತೆ ಕೆಲಸ ಮಾಡಿ ತರಂಗವನ್ನು ಎದುರು ಬದಿಗೆ ತಳ್ಳುತ್ತದೆ. ಬಲದ ಕನ್ನಡಿ 1/8 ಸೆಕೆಂಡ್ ಎದ್ದರೆ ಎಡಕ್ಕೆ ಒಂದು ಚುಕ್ಕೆ ಹೋಯಿತು. ಎಡದ ಕನ್ನಡಿ ಉಳಿದ 7/8 ಸೆಕೆಂಡ್ ಎದ್ದರೆ ಬಲಕ್ಕೆ ಒಂದು ಗೆರೆ ಹೋಯಿತು. ನಡುವಿನ ಗೆರೆಯ ಮೇಲಿದ್ದವನಿಗೆ ಎರಡೂ ಒಂದೇ ಜೋರು. ಅವನಿಗೆ ಬಿಡುವೇ ಕೇಳಿಸುವುದಿಲ್ಲ.

ಟ್ರಾನ್ಸ್‌ಮಿಟರ್‌ನ ಪೂರ್ತಿ ಶಕ್ತಿಯನ್ನು ಸೆಕೆಂಡಿಗೆ ಎರಡು ಸಲ ಈ ಆಂಟೆನಾದಿಂದ ಆ ಆಂಟೆನಾಕ್ಕೆ ಬದಲಿಸಬೇಕಿಲ್ಲ. ಹಾಗೆ ಬದಲಿಸಿದ್ದರೆ ಪ್ರತಿ ಸಲ ಪೈಲಟ್ ಕಿವಿಯಲ್ಲಿ ಚಟ್ ಎಂಬ ಸದ್ದು ಬಂದು, ಒಂದೇ ದನಿ ಎನ್ನುವುದು ಹಾಳಾಗುತ್ತಿತ್ತು. ಎರಡು ಸಣ್ಣ ರಿಲೇಗಳಲ್ಲಿ ಕೆಲಸ ಮುಗಿಯಿತು.

ಅಳತೆ ಬೇಕೆಂದರೆ ಲೆಕ್ಕ ಸುಲಭ. ಬೀಕನ್‌ಗಳು 30ರಿಂದ 33.3 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುತ್ತಿದ್ದವು. 300 ಅನ್ನು 33.3ರಿಂದ ಭಾಗಿಸಿದರೆ ತರಂಗದ ಉದ್ದ 9 ಮೀಟರ್. ಅದರ ಅರ್ಧ, ಅಂದರೆ 4.5 ಮೀಟರ್, ಡೈಪೋಲ್‌ನ ಉದ್ದ. ಸಾಮಾನ್ಯ ಮನೆಯ ಒಂದೂವರೆ ಮಹಡಿ ಎತ್ತರ. ಇಷ್ಟು ಚಿಕ್ಕದಾದ್ದರಿಂದಲೇ ಏರ್‌ಫೀಲ್ಡ್ ಪಕ್ಕದಲ್ಲಿ ಇಡಬಹುದಿತ್ತು. ಮೀಡಿಯಂ ವೇವ್ ಆಗಿದ್ದರೆ ರಾತ್ರಿ ಆಕಾಶದಿಂದ ತಿರುಗಿ ಬಂದ ತರಂಗ ದಿಕ್ಕನ್ನೇ ಗಲಿಬಿಲಿ ಮಾಡುತ್ತಿತ್ತು.

ಹಂತ 3: ಸದ್ದನ್ನು ಕಟ್ಟಿ

ಈಗ ಲ್ಯಾಪ್‌ಟಾಪ್ ತೆರೆಯಿರಿ. ಮೂಲ ಬೀಕನ್ ದನಿ 1150 ಹರ್ಟ್ಜ್. ಆದರೆ ನೀವು 1152 ಹಾಕಿ. ಯಾಕೆ? 1/8 ಸೆಕೆಂಡ್‌ನಲ್ಲಿ 1150 ಹರ್ಟ್ಜ್ ದನಿ 143.75 ಸುತ್ತು ಹಾಕುತ್ತದೆ. ಸುತ್ತು ಅರೆಬರೆ ನಿಂತಲ್ಲಿ ಚಟ್ ಎನ್ನುತ್ತದೆ. 1152 ಆದರೆ ಸರಿಯಾಗಿ 144 ಸುತ್ತು, ಜೋಡಣೆ ನುಣುಪಾಗಿ ಕೂರುತ್ತದೆ. 2 ಹರ್ಟ್ಜ್ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ಸಲ ಒಂದು ಇಡೀ ಸಂಜೆ ಆ ಚಟಚಟ ಸದ್ದಿನ ಕಾರಣ ಹುಡುಕುತ್ತ ಕೂತಿದ್ದೆ.

ಒಂದನೇ ಮೋನೋ ಟ್ರ್ಯಾಕ್: ಜನರೇಟ್ ಮೆನುವಿನಿಂದ ಟೋನ್ ಆರಿಸಿ. ಸೈನ್, 1152 ಹರ್ಟ್ಜ್, ಆಂಪ್ಲಿಟ್ಯೂಡ್ 0.4, ಉದ್ದ 0.125 ಸೆಕೆಂಡ್. ಅದರ ಹಿಂದೆಯೇ 0.875 ಸೆಕೆಂಡ್ ಸೈಲೆನ್ಸ್ ಸೇರಿಸಿ. ಈ 1 ಸೆಕೆಂಡ್ ತುಂಡನ್ನು ಆರಿಸಿ ರಿಪೀಟ್ ಎಫೆಕ್ಟ್‌ನಲ್ಲಿ 119 ಎಂದು ಕೊಡಿ. 2 ನಿಮಿಷದ ಚುಕ್ಕೆಗಳ ಸಾಲು ಸಿದ್ಧ.

ಎರಡನೇ ಮೋನೋ ಟ್ರ್ಯಾಕ್: ಮೊದಲು 0.125 ಸೆಕೆಂಡ್ ಸೈಲೆನ್ಸ್, ಆಮೇಲೆ ಅದೇ ದನಿ 0.875 ಸೆಕೆಂಡ್. ಇದನ್ನೂ 119 ಸಲ ರಿಪೀಟ್ ಮಾಡಿ. ಇದು ಗೆರೆಗಳ ಸಾಲು.

ಎರಡೂ ಟ್ರ್ಯಾಕ್ ಸೊನ್ನೆಯಿಂದಲೇ ಶುರುವಾಗಬೇಕು. ಕೂದಲೆಳೆಯಷ್ಟು ಸರಿದರೂ ನಡುವೆ ಬಿರುಕು ಕೇಳುತ್ತದೆ. ಮೊದಲು ಚುಕ್ಕೆ ಟ್ರ್ಯಾಕ್ ಒಂದನ್ನೇ ಕೇಳಿ. ಆಮೇಲೆ ಗೆರೆ ಒಂದನ್ನೇ. ಈಗ ಎರಡನ್ನೂ ಒಟ್ಟಿಗೆ ಹಾಕಿ. ಕಡಿಯದ ಒಂದೇ ದನಿ! ಈ ಕ್ಷಣಕ್ಕಾಗಿಯೇ ಇಷ್ಟು ಕಷ್ಟಪಟ್ಟದ್ದು.

ಹಂತ 4: ಕಿವಿಯನ್ನು ಪಳಗಿಸಿ

ಟ್ರ್ಯಾಕ್‌ನ ಗೇನ್ ಸ್ಲೈಡರ್ ಈಗ ನಿಮ್ಮ ವಿಮಾನ. ಗೆರೆ ಟ್ರ್ಯಾಕ್ ಅನ್ನು 12 ಡೆಸಿಬಲ್ ಇಳಿಸಿ. ಚುಕ್ಕೆ ಎದ್ದು ಕೇಳುತ್ತದೆ, ಹಿಂದೆ ಮಂದವಾಗಿ ಗೆರೆಯೂ ಇದೆ. ನೀವು ಎಡಕ್ಕೆ ಸಾಕಷ್ಟು ದೂರ ಹೋಗಿದ್ದೀರಿ. 6ಕ್ಕೆ ತನ್ನಿ. 3ಕ್ಕೆ ತನ್ನಿ. ಇನ್ನೂ ಗೊತ್ತಾಗುತ್ತದೆ. 1 ಡೆಸಿಬಲ್‌ಗೆ ಬಂದಾಗ ಕಣ್ಣು ಮುಚ್ಚಿ ಕೇಳಿ. ಚುಕ್ಕೆ ಇದೆಯೋ, ಇಲ್ಲ ನನ್ನ ಭ್ರಮೆಯೋ ಎನ್ನಿಸಲು ಶುರುವಾಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಆಕಾಶದಲ್ಲಿ ಕಿರಣ ಎಂಬ ಅಗಲದ ಪಟ್ಟಿ ನಿಜವಾಗಿ ಇರಲೇ ಇಲ್ಲ. ಇದ್ದದ್ದು ಎರಡು ಅಗಲ ತರಂಗಗಳು ಮಾತ್ರ. ಒಂದು ಎಡಕ್ಕೆ ಜೋರು, ಇನ್ನೊಂದು ಬಲಕ್ಕೆ ಜೋರು. ಅವೆರಡರ ವ್ಯತ್ಯಾಸ ಮನುಷ್ಯನ ಕಿವಿಗೆ ಗೊತ್ತಾಗದಷ್ಟು ಕಡಿಮೆಯಾದ ಜಾಗಕ್ಕೇ ಕಿರಣ ಎಂದು ಹೆಸರು. ಅಂದರೆ ಕಿರಣದ ಅಗಲ ಅರ್ಧ ಆಂಟೆನಾದ ಕೆಲಸ, ಅರ್ಧ ಕಿವಿಯ ಕೆಲಸ. ಈ ಮಾತನ್ನು ನೆನಪಿಡಿ, ಕೊನೆಯ ಹಂತದಲ್ಲಿ ಇದು ತುಂಬ ಮುಖ್ಯವಾಗುತ್ತದೆ.

ಈಗ ಮೂರನೇ ಟ್ರ್ಯಾಕ್‌ನಲ್ಲಿ ಬ್ರೌನಿಯನ್ ನಾಯ್ಸ್ ಸೇರಿಸಿ, ಎಂಜಿನ್ ಗುಡುಗು ಎಂದುಕೊಳ್ಳಿ. ಲುಫ್ಟ್‌ಹಾನ್ಸಾದ ಯುಂಕರ್ಸ್ 52 ವಿಮಾನಕ್ಕೆ ಮೂರು ಎಂಜಿನ್ ಇದ್ದವು, ಸದ್ದು ಸಣ್ಣದಲ್ಲ. ಆ ಗದ್ದಲದಲ್ಲಿ 3 ಡೆಸಿಬಲ್ ವ್ಯತ್ಯಾಸ ಹಿಡಿಯಿರಿ ನೋಡೋಣ. ಈ ಕಷ್ಟಕ್ಕೇ ಕಾಕ್‌ಪಿಟ್‌ನಲ್ಲಿ ಒಂದು ಮೀಟರ್ ಕೂಡ ಕೊಟ್ಟಿದ್ದರು. ಅದರ ನೆಟ್ಟನೆ ಮುಳ್ಳು ಪ್ರತಿ ಚುಕ್ಕೆಗೋ ಗೆರೆಗೋ ಎಡಕ್ಕೆ ಇಲ್ಲವೇ ಬಲಕ್ಕೆ ಸಣ್ಣಗೆ ಎಗರುತ್ತಿತ್ತು. ಇನ್ನೊಂದು ಮುಳ್ಳು ಸಿಗ್ನಲ್ ಎಷ್ಟು ಜೋರಿದೆ ಎಂದು ತೋರಿಸುತ್ತಿತ್ತು. ಮಾರ್ಕರ್ ಮೇಲೆ ಹಾದಾಗ ಒಂದು ಪುಟ್ಟ ದೀಪ ಮಿನುಗುತ್ತಿತ್ತು.

ಹಂತ 5: ಮಾರ್ಕರ್ ಸೇರಿಸಿ, ಇಳಿಯಿರಿ

ಮಾರ್ಕರ್‌ಗಳು 38 ಮೆಗಾಹರ್ಟ್ಜ್‌ನಲ್ಲಿ ನೇರ ಮೇಲಕ್ಕೆ ಬೀಸಣಿಗೆಯಂತೆ ತರಂಗ ಬಿಡುತ್ತಿದ್ದವು. ಹೊರ ಮಾರ್ಕರ್: 700 ಹರ್ಟ್ಜ್ ದಪ್ಪ ದನಿ, ಸೆಕೆಂಡಿಗೆ 2 ಗೆರೆ. ಒಳ ಮಾರ್ಕರ್: 1700 ಹರ್ಟ್ಜ್ ಚೂಪು ದನಿ, ಸೆಕೆಂಡಿಗೆ 6 ಚುಕ್ಕೆ. ಮೊದಲನೆಯದು ನಿಧಾನವಾಗಿ ಎಚ್ಚರಿಸುತ್ತದೆ, ಎರಡನೆಯದು ಅವಸರದಿಂದ ಕೂಗುತ್ತದೆ. ಯಾರೂ ವಿವರಿಸದೆಯೇ ಅರ್ಥವಾಗುವ ಭಾಷೆ ಅದು.

ನಾಲ್ಕನೇ ಟ್ರ್ಯಾಕ್‌ನಲ್ಲಿ 30ನೇ ಸೆಕೆಂಡ್‌ನಿಂದ ಹೊರ ಮಾರ್ಕರ್ ಅನ್ನು 6 ಸೆಕೆಂಡ್ ಇಡಿ. 90ನೇ ಸೆಕೆಂಡ್‌ನಿಂದ ಒಳ ಮಾರ್ಕರ್ ಅನ್ನು 3 ಸೆಕೆಂಡ್ ಇಡಿ. ನಡುವೆ 60 ಸೆಕೆಂಡ್ ಯಾಕೆಂದರೆ, ಎರಡರ ನಡುವೆ 2,700 ಮೀಟರ್ ದೂರ. ಗಂಟೆಗೆ 162 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 45 ಮೀಟರ್. ಲೆಕ್ಕ ಸರಿಯಾಗಿ 1 ನಿಮಿಷ.

ಎತ್ತರದ ಲೆಕ್ಕವನ್ನು ಹಾಳೆಯಲ್ಲೇ ಹಾಕಿ. ಹೊರ ಮಾರ್ಕರ್ ಮೇಲೆ 200 ಮೀಟರ್ ಎತ್ತರ. ಅಲ್ಲಿಂದ ಸೆಕೆಂಡಿಗೆ 2.5 ಮೀಟರ್‌ನಂತೆ ಇಳಿದರೆ ಒಳ ಮಾರ್ಕರ್‌ಗೆ ಬರುವಾಗ 50 ಮೀಟರ್. ಅದೇ ವೇಗದಲ್ಲಿ ಇನ್ನೂ 20 ಸೆಕೆಂಡ್, 900 ಮೀಟರ್. ಅಂಚು ದಾಟಿ 600 ಮೀಟರ್ ಒಳಗೆ ಚಕ್ರ ನೆಲ ಮುಟ್ಟಬೇಕು. 1 ಕಿ.ಮೀ. ಬಯಲಿನಲ್ಲಿ ಉಳಿಯುವುದು 400 ಮೀಟರ್ ಮಾತ್ರ. ಒಳ ಮಾರ್ಕರ್ ಸದ್ದಿಗೆ ಪೈಲಟ್ ಯಾಕೆ ಅಷ್ಟು ಬಿಗಿಯಾಗಿ ಕಾಯುತ್ತಿದ್ದ ಎಂದು ಇಲ್ಲಿ ಗೊತ್ತಾಗುತ್ತದೆ.

ಗಮನಿಸಿ, ಎತ್ತರವನ್ನು ಲೊರೆಂಝ್ ಹೇಳುತ್ತಿರಲಿಲ್ಲ. ಸಿಗ್ನಲ್ ಜೋರನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡು ಇಳಿದರೆ ಒಂದು ಬಾಗಿದ ಇಳಿಜಾರು ಸಿಗುತ್ತದೆ ಎಂಬ ಯೋಚನೆ ಇತ್ತು, ಆದರೆ ನಂಬಿ ಇಳಿಯಲು ಅದು ಸಾಲದಾಯಿತು. ಪೈಲಟ್ ಆಲ್ಟಿಮೀಟರ್ (ಗಾಳಿಯೊತ್ತಡದಿಂದ ಎತ್ತರ ತೋರುವ ಮೀಟರ್) ಮತ್ತು ಮಾರ್ಕರ್‌ಗಳನ್ನೇ ನೆಚ್ಚಿಕೊಂಡಿದ್ದ. ಹಾಗಾಗಿ ನೆಲದಿಂದ ಏರ್‌ಫೀಲ್ಡ್‌ನ ಗಾಳಿಯೊತ್ತಡವನ್ನು ಕೇಳಿ ಆಲ್ಟಿಮೀಟರ್ ಸರಿಮಾಡಿಕೊಳ್ಳುವುದು ಜೀವದ ಪ್ರಶ್ನೆ. 1 ಮಿಲಿಬಾರ್ ತಪ್ಪಿದರೆ ಸುಮಾರು 8 ಮೀಟರ್ ತಪ್ಪು. 6 ಮಿಲಿಬಾರ್ ತಪ್ಪಿದರೆ ಒಳ ಮಾರ್ಕರ್ ಮೇಲಿನ ಆ 50 ಮೀಟರ್ ಪೂರ್ತಿ ಮಾಯ.

ಈಗ ಆಡಾಸಿಟಿಯ ಎನ್ವಲಪ್ ಟೂಲ್ ಹಿಡಿದು, ಚುಕ್ಕೆ ಮತ್ತು ಗೆರೆಯ ಜೋರನ್ನು ಸಮಯದ ಜೊತೆ ಏರಿಳಿಸಿ. ಮೊದಲು ಚುಕ್ಕೆ ಜೋರು, 20ನೇ ಸೆಕೆಂಡ್‌ಗೆ ಸಮ, 45ಕ್ಕೆ ಸ್ವಲ್ಪ ಗೆರೆ, 60ಕ್ಕೆ ಮತ್ತೆ ಸಮ. ಫೈಲನ್ನು ಮನೆಯಲ್ಲಿ ಯಾರಿಗಾದರೂ ಕೊಟ್ಟು ಎಡ, ಬಲ, ನೇರ ಎಂದು ಹೇಳಿಸಿ. ಮಕ್ಕಳಿಗೆ ಇದು ತುಂಬ ಹಿಡಿಸುತ್ತದೆ.

ಅಭ್ಯಾಸ ಮಾಡುವಾಗ ಮೂರು ತಪ್ಪು ಎಲ್ಲರೂ ಮಾಡುತ್ತಾರೆ. ಚುಕ್ಕೆ ಕೇಳಿದೊಡನೆ ಜೋರಾಗಿ ಬಲಕ್ಕೆ ತಿರುಗಿಸುವುದು ಮೊದಲನೆಯದು. ಸದ್ದು ನೀವು ಯಾವ ಬದಿ ಇದ್ದೀರಿ ಎಂದು ಹೇಳುತ್ತದೆ, ವಿಮಾನದ ಮೂಗು ಯಾವ ಕಡೆ ಇದೆ ಎಂದು ಹೇಳುವುದಿಲ್ಲ. ಅದನ್ನು ದಿಕ್ಸೂಚಿಯಲ್ಲೇ ನೋಡಬೇಕು, 5 ಡಿಗ್ರಿ, 10 ಡಿಗ್ರಿಯಷ್ಟೇ ತಿರುಗಬೇಕು. ಹತ್ತಿರ ಬಂದಂತೆ ದಾರಿ ಕಿರಿದಾಗುವುದನ್ನು ಮರೆಯುವುದು ಎರಡನೆಯದು. 1 ಡಿಗ್ರಿ ಎಂದರೆ 30 ಕಿ.ಮೀ. ದೂರದಲ್ಲಿ ಸುಮಾರು 520 ಮೀಟರ್, 3 ಕಿ.ಮೀ. ದೂರದಲ್ಲಿ 52 ಮೀಟರ್ ಅಷ್ಟೇ. ಮೂರನೆಯದು ಹಿಂಬದಿಯ ಮೋಸ. ಕಿರಣ ಬೀಕನ್‌ನ ಎರಡೂ ಕಡೆ ಹೋಗುತ್ತದೆ. ಹಿಂದಿನಿಂದ ಬಂದವನಿಗೆ ಚುಕ್ಕೆ ಬಲಕ್ಕೆ, ಗೆರೆ ಎಡಕ್ಕೆ, ಎಲ್ಲ ತಿರುಗಾಮುರುಗಾ.

ಹಂತ 6: ರಿಸೀವರ್ ಇಲ್ಲದವರ ದಾರಿಯನ್ನೂ ತಿಳಿಯಿರಿ

ಎಲ್ಲ ವಿಮಾನಗಳಲ್ಲೂ ಲೊರೆಂಝ್ ರಿಸೀವರ್ ಇರುತ್ತಿರಲಿಲ್ಲ. ಅಂಥವರಿಗೆ ಝಡ್‌ಝಡ್ ಎಂಬ ಪದ್ಧತಿ ಇತ್ತು. ವಿಮಾನ ರೇಡಿಯೋದಲ್ಲಿ ಉದ್ದ ಸಿಗ್ನಲ್ ಕಳಿಸುತ್ತದೆ. ನೆಲದ ದಿಕ್ಕು ಪತ್ತೆ ಕೇಂದ್ರ ಅದನ್ನು ಅಳೆದು, ನೀನು ಈ ದಿಕ್ಕಿಗೆ ಬಾ ಎಂದು ಮೋರ್ಸ್‌ನಲ್ಲಿ ಹೇಳುತ್ತದೆ. ಮತ್ತೆ ಮತ್ತೆ ಇದೇ. ಕೊನೆಗೆ ಏರ್‌ಫೀಲ್ಡ್‌ನಲ್ಲಿ ನಿಂತವನು ಮಂಜಿನಲ್ಲಿ ಎಂಜಿನ್ ಸದ್ದಿಗೆ ಕಿವಿಗೊಡುತ್ತಾನೆ. ಸರಿಯಾದ ಕಡೆಯಿಂದ ಬರುತ್ತಿದೆ ಎನಿಸಿದರೆ ಝಡ್‌ಝಡ್, ಇಳಿ. ಇಲ್ಲದಿದ್ದರೆ ಜೆಜೆ, ಮೇಲೇರು. ಲೊರೆಂಝ್ ಈ ಕೇಳುವ ಕೆಲಸವನ್ನು ನೆಲದವನ ಕಿವಿಯಿಂದ ತೆಗೆದು ಪೈಲಟ್‌ನ ಕಿವಿಗೇ ಕೊಟ್ಟಿತು.

ಹಂತ 7: ಹಳೆಯ ಏರ್‌ಫೀಲ್ಡ್ ನಕ್ಷೆಯಲ್ಲಿ ಹುಡುಕಿ

ಎರಡನೇ ಮಹಾಯುದ್ಧ ಕಾಲದ ವೈಮಾನಿಕ ಚಿತ್ರ ಅಥವಾ ಏರ್‌ಫೀಲ್ಡ್ ನಕ್ಷೆ ಸಿಕ್ಕಿದರೆ, ಹಂತ 1ರ ಹಾಳೆಯನ್ನು ಅದರ ಪಕ್ಕ ಇಡಿ. ಬಯಲಿನ ಅಂಚಿನಿಂದ ಹೊರಗೆ ಒಂದು ಒಂಟಿ ಗುಡಿಸಲು ಕಂಡರೆ ದೂರ ಅಳೆಯಿರಿ. 300 ಮೀಟರ್ ಹತ್ತಿರ ಬಂದರೆ ಒಳ ಮಾರ್ಕರ್ ಆಗಿರಬಹುದು. ಅಲ್ಲಿಂದ ಬಯಲನ್ನು ದಾಟಿ ನೇರ ಗೆರೆ ಎಳೆದು ಆಚೆ ಬದಿಯಲ್ಲಿ ಇನ್ನೊಂದು ಒಂಟಿ ಗುಡಿಸಲು ಇದೆಯೇ ನೋಡಿ. ಇದ್ದರೆ ಗೆರೆಯನ್ನು ಹಿಂದಕ್ಕೆ ಎಳೆದು 3 ಕಿ.ಮೀ.ನಲ್ಲಿ ಹೊಲದ ನಡುವೆ ಹುಡುಕಿ. ಒಂದೇ ಗುಡಿಸಲು ನೋಡಿ ತೀರ್ಮಾನ ಮಾಡಬೇಡಿ. ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಹೊಲದಲ್ಲಿ ಒಂಟಿ ಗುಡಿಸಲು ಯಾವ ಊರಲ್ಲಿಲ್ಲ?

ಬ್ರಿಟಿಷ್ ಏರ್‌ಫೀಲ್ಡ್‌ಗಳಲ್ಲೂ ಇದೇ ಸಾಲು ಕಂಡರೆ ಬೆರಗಾಗಬೇಡಿ. ಲಂಡನ್ನಿನ ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಕಂಪನಿ ಇದೇ ವಿನ್ಯಾಸವನ್ನು ಸ್ಟ್ಯಾಂಡರ್ಡ್ ಬೀಮ್ ಅಪ್ರೋಚ್ ಎಂಬ ಹೆಸರಲ್ಲಿ ಮಾಡಿತು. ಆ ಕಂಪನಿಯೂ ಲೊರೆಂಝೂ ಒಂದೇ ಅಮೆರಿಕನ್ ಒಡೆಯ ಐಟಿಟಿಯ ಕೈಯಲ್ಲಿದ್ದವು. ಯುದ್ಧದಲ್ಲಿ ಎರಡೂ ಕಡೆಯ ಪೈಲಟ್‌ಗಳು ಮನೆಗೆ ಮರಳಿದ್ದು ಒಂದೇ ಬಗೆಯ ಚುಕ್ಕೆ ಗೆರೆ ಕೇಳುತ್ತ.

ಹಂತ 8: ಹಳೆಯ ಉಪಕರಣ ಕೈಗೆ ಬಂದರೆ

ಮ್ಯೂಸಿಯಂನಲ್ಲೋ ಸಂಗ್ರಹಕಾರರ ಬಳಿಯೋ ಜರ್ಮನ್ ಪೆಟ್ಟಿಗೆ ಕಂಡರೆ ಫಲಕ ಓದಿ. ಇಬಿಎಲ್ 1 ಎಂದರೆ ಬೀಕನ್ ರಿಸೀವರ್. ಇಬಿಎಲ್ 2 ಮಾರ್ಕರ್ ರಿಸೀವರ್. ಇವೆರಡು ಸೇರಿದ ಸೆಟ್ ಎಫ್‌ಯುಬಿಎಲ್ 1. ಆಮೇಲೆ ಬಂದ ಇಬಿಎಲ್ 3ರಲ್ಲಿ 30ರಿಂದ 33.3 ಮೆಗಾಹರ್ಟ್ಜ್‌ವರೆಗೆ 34 ಚಾನೆಲ್. ಎಎಫ್‌ಎನ್ ಎಂದರೆ ಆ ಎರಡು ಮುಳ್ಳಿನ ಮೀಟರ್. ಮೀಟರ್‌ನ ಗಾಜನ್ನು ದಯವಿಟ್ಟು ಬಿಚ್ಚಬೇಡಿ. ಆ ಕಾಲದಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿಲ್ಲ, ಅದರ ಧೂಳು ಉಸಿರಲ್ಲಿ ಹೋಗಬಾರದು.

ಹಂತ 9: ಅದೇ ಸದ್ದಿನಿಂದ ಕ್ನಿಕೆಬೈನ್ ಅರ್ಥ ಮಾಡಿಕೊಳ್ಳಿ

ಕಿರಣದ ಅಗಲ ಅರ್ಧ ಕಿವಿಯ ಕೆಲಸ ಎಂದೆನಲ್ಲ? ಕಿವಿಯ ಮಿತಿ ಬದಲಾಗದು. ಆದರೆ ಆಂಟೆನಾ ತುಂಬ ದೊಡ್ಡದು ಮಾಡಿದರೆ, ದಾರಿಯಿಂದ ಸ್ವಲ್ಪ ಸರಿದರೂ ಚುಕ್ಕೆ ಗೆರೆಗಳ ವ್ಯತ್ಯಾಸ ಬೇಗ ಏರುತ್ತದೆ. ಆಗ ಅದೇ ಕಿವಿಗೆ ಕಿರಣ ಕೂದಲಿನಂತೆ ತೆಳ್ಳಗಾಗುತ್ತದೆ. ಬಾಂಬರ್‌ಗಳಿಗೆ ಗುರಿಯವರೆಗೆ ದಾರಿ ತೋರಲು ಜರ್ಮನ್ ವಾಯುಪಡೆ ಮಾಡಿದ್ದು ಇದನ್ನೇ. ಡೆನ್ಮಾರ್ಕ್ ಗಡಿಯ ಹತ್ತಿರದ ಸ್ಟೊಲ್‌ಬೆರ್ಗ್ ಮತ್ತು ನೆದರ್ಲೆಂಡ್ಸ್ ಗಡಿಯ ಹತ್ತಿರದ ಕ್ಲೇವೆಯಲ್ಲಿ ದೈತ್ಯ ಆಂಟೆನಾಗಳನ್ನು ದುಂಡು ಹಳಿಯ ಮೇಲೆ ತಿರುಗುವಂತೆ ಕಟ್ಟಿ, ಇಂಗ್ಲೆಂಡಿನ ಕಡೆಗೆ ಗುರಿ ಹಿಡಿದರು. ಹೆಸರು ಕ್ನಿಕೆಬೈನ್. ಬಾಂಬರ್‌ಗಳಲ್ಲಿ ಹೊಸ ರಿಸೀವರ್ ಬೇಕಾಗಲಿಲ್ಲ. ಇಳಿಯಲೆಂದು ಹಾಕಿದ್ದ ಲೊರೆಂಝ್ ರಿಸೀವರ್ ಸಾಕಾಯಿತು.

ಬ್ರಿಟಿಷರಿಗೆ ಗುಟ್ಟು ಸಿಕ್ಕಿದ್ದೂ ಅಲ್ಲೇ. ಬಿದ್ದ ಒಂದು ಹೈಂಕೆಲ್ 111 ಬಾಂಬರ್‌ನ ಲೊರೆಂಝ್ ರಿಸೀವರ್ ಅನ್ನು ಪರೀಕ್ಷಿಸಿದಾಗ, ಬರೀ ಇಳಿಯಲು ಬೇಕಾದ್ದಕ್ಕಿಂತ ಅದು ತುಂಬ ಸೂಕ್ಷ್ಮವಾಗಿತ್ತು. ಬ್ರಿಟಿಷ್ ವಿಜ್ಞಾನಿ ಆರ್. ವಿ. ಜೋನ್ಸ್ ಇದನ್ನೂ ಬೇರೆ ಸುಳಿವುಗಳನ್ನೂ ಜೋಡಿಸಿ, ದೂರದಿಂದ ಒಂದು ಕಿರಣ ಬರುತ್ತಿದೆ ಎಂದು ವಾದಿಸಿದರು. 1940ರ ಜೂನ್ 21ರ ರಾತ್ರಿ ಬ್ರಿಟಿಷರ ಒಂದು ಆನ್ಸನ್ ವಿಮಾನ ಅದನ್ನು ಹುಡುಕಲು ಹೊರಟಿತು.

ನಿಮ್ಮ ಫೈಲನ್ನು ಈಗ ಮತ್ತೆ ತೆರೆಯಿರಿ. ಮಾರ್ಕರ್ ಟ್ರ್ಯಾಕ್ ಮುಚ್ಚಿ, ಎಂಜಿನ್ ಗದ್ದಲ ಜೋರು ಮಾಡಿ. ಎನ್ವಲಪ್‌ನಲ್ಲಿ ಮೊದಲು ಚುಕ್ಕೆ ಮಾತ್ರ ಇಡಿ, ಕೆಲವೇ ಸೆಕೆಂಡ್ ಸಮ, ಆಮೇಲೆ ಗೆರೆ ಮಾತ್ರ. ಕೇಳಿ. ಇಂಗ್ಲೆಂಡಿನ ಸ್ಪಾಲ್ಡಿಂಗ್ ಊರಿನ ದಕ್ಷಿಣಕ್ಕೆ ಆ ವಿಮಾನದ ಆಪರೇಟರ್‌ಗೆ ಕೇಳಿದ್ದು ಇದೇ: ದಕ್ಷಿಣಕ್ಕೆ ಚುಕ್ಕೆ, ಉತ್ತರಕ್ಕೆ ಗೆರೆ, ನಡುವೆ ಸುಮಾರು 400 ಮೀಟರ್ ಅಗಲದಲ್ಲಿ ಕಡಿಯದ ಒಂದೇ ದನಿ. 31.5 ಮೆಗಾಹರ್ಟ್ಜ್, 1150 ಹರ್ಟ್ಜ್.